ಎಡಗಡೆಯ ಸೊನ್ನೆಗಳು

ನಮ್ಮ ಅಂಗಡಿಯಲ್ಲಿ ಎರಡು ಗೋಡೆಗಳು ಮುಖ್ಯ. ಬಲಗಡೆಯ ಗೋಡೆಗೆ ಒರಗಿದಂತೆ ಬೀಗದಕೈ ಕೊರೆಯುವ ಯಂತ್ರ, ಅದರ ಪಕ್ಕದಲ್ಲಿ ಅರಗಳು, ಇಕ್ಕಳಗಳು, ಇನ್ನೂ ಹಲ್ಲು ಕೊರೆಯದ ಹೊಸ ಕೈಗಳನ್ನು ತುಂಬಿಟ್ಟ ಸಣ್ಣ ಸಣ್ಣ ಡ್ರಾಯರುಗಳು. ಅದು ನನ್ನ ಗೋಡೆ. ಎಡಗಡೆಯ ಗೋಡೆಯ ತುಂಬ, ನೆಲದಿಂದ ಹಿಡಿದು ಕೈಗೆಟಕುವಷ್ಟು ಎತ್ತರದವರೆಗೆ, ಸಾಲುಸಾಲು ಕೊಕ್ಕೆಗಳು. ಒಂದೊಂದು ಕೊಕ್ಕೆಗೂ ಒಂದೊಂದು ಬೀಗದಕೈ. ಅದು ನನ್ನಾಕೆಯ ಗೋಡೆ.

ನಮ್ಮ ಬೀದಿಯವರು ತಮ್ಮ ಮನೆಯ ಇನ್ನೊಂದು ಬೀಗದಕೈಯನ್ನು ನಮ್ಮಲ್ಲಿ ಇಟ್ಟು ಹೋಗುವುದು ಬಹಳ ಹಿಂದಿನಿಂದ ಬಂದ ರೂಢಿ. ಇದ್ದದ್ದು ಎಲ್ಲೋ ಬಿದ್ದುಹೋದರೆ, ಗಾಳಿಗೆ ಬಾಗಿಲು ಹಾಕಿಕೊಂಡು ಬೀಗದಕೈ ಒಳಗೇ ಉಳಿದರೆ, ಚಪ್ಪಲಿಯನ್ನೂ ಮೆಟ್ಟದೆ ನಮ್ಮಲ್ಲಿಗೆ ಓಡಿಬರುತ್ತಾರೆ. ಇಟ್ಟವರಿಗೆ ನನ್ನಾಕೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದಳು. ಅದರ ಮೇಲೆ ಅವರ ಮನೆಯ ಅಂಕಿ. ಬೀಗದಕೈಗೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೂ ಅಂಕಿ. ಹೆಸರು ಎಲ್ಲಿಯೂ ಇಲ್ಲ. ಒಂದು ಮನೆಯ ಎರಡು ಬೀಗದಕೈಗಳನ್ನು ಅವಳು ಒತ್ತೊತ್ತಾಗಿ ತೂಗುಹಾಕುತ್ತಿರಲಿಲ್ಲ; ಒಂದು ಮೇಲಿನ ಸಾಲಿನಲ್ಲಿದ್ದರೆ ಇನ್ನೊಂದು ಮೊಣಕಾಲಿನ ಮಟ್ಟದಲ್ಲಿರುತ್ತಿತ್ತು. "ಕಳ್ಳ ಬಂದರೆ ಅವನೂ ಸ್ವಲ್ಪ ಕಷ್ಟಪಡ್ಲಿ" ಎನ್ನುತ್ತಿದ್ದಳು.

ಯಾವ ಕೊಕ್ಕೆಯಲ್ಲಿ ಯಾರದ್ದು ಎಂಬುದು ಅವಳ ತಲೆಯಲ್ಲಿ ಮಾತ್ರ ಇತ್ತು. ನನಗೂ ಹೇಳುತ್ತಿರಲಿಲ್ಲ. ಒಂದೆರಡು ಸಲ ಕೇಳಿದ್ದೆ. "ಇನ್ನೊಬ್ಬರ ಮನೆ ಬಾಗಿಲಿನ ಮಾತು. ನೀವು ಕೊರೀರಿ, ನಾನು ಕಾಯ್ತೀನಿ" ಎಂದಿದ್ದಳು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿದ ಮೇಲೆ ಆ ಗೋಡೆಯ ಮೇಲೆ ಒಮ್ಮೆ ಅಂಗೈ ಸವರಿ ಹೋಗುತ್ತಿದ್ದಳು. ಅಷ್ಟೂ ಬೀಗದಕೈಗಳು ಕಿಣಿಕಿಣಿ ಎಂದು ಅಲುಗಿ ಸುಮ್ಮನಾಗುತ್ತಿದ್ದವು. ನನ್ನ ದಿನ ಆರಂಭವಾಗುತ್ತಿದ್ದುದು ಆ ಸದ್ದಿನಿಂದ.

ಕಳೆದ ಚಳಿಗಾಲದಲ್ಲಿ ದೇವರು ಅವಳನ್ನು ಕರೆಸಿಕೊಂಡ. ಅವನ ಲೆಕ್ಕ ಅವನಿಗೆ. ನಾನು ಜಗಳವಾಡಲಿಲ್ಲ, ಆಡಿದ್ದರೂ ಅವನು ಅವಳ ಹಾಗೆಯೇ ಮಾತಿಲ್ಲದೆ ಕೂತಿರುತ್ತಿದ್ದ.

ಅಂದಿನಿಂದ ಯಾರಾದರೂ ಬಿಲ್ಲೆ ಹಿಡಿದು ಬಂದರೆ ನಾನು ಕನ್ನಡಕ ಏರಿಸಿಕೊಂಡು, ಕುಕ್ಕರಗಾಲಲ್ಲಿ ಕೂತು, ಎದ್ದು, ಮತ್ತೆ ಕೂತು, ಒಂದೊಂದೇ ತಗಡನ್ನು ತಿರುಗಿಸಿ ನೋಡಬೇಕಾಯಿತು. ಬಂದವರು ಮೊದಲು ಸಹಾಯಕ್ಕೆ ನಿಂತರು, ಆಮೇಲೆ ಗಡಿಯಾರ ನೋಡಿದರು. ಒಂದು ದಿನ ಮೂಲೆಮನೆಯ ಟೀಚರಮ್ಮ ಬಂದು, ಬಹಳ ಸಂಕೋಚದಿಂದ ಮಾತು ತೆಗೆದರು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಲೆ ಅಪನಂಬಿಕೆ ಅಂತಲ್ಲ. ಭಾನುವಾರ ನಾವೆಲ್ಲ ಬಂದು ನಮ್ಮ ನಮ್ಮ ಕೀ ತಗೊಂಡು ಹೋಗಿಬಿಡ್ತೀವಿ. ನಿಮಗೂ ಈ ವಯಸ್ಸಲ್ಲಿ ಕೂತು ಏಳೋದು ತಪ್ಪುತ್ತೆ."

"ಆಗಲಿ" ಎಂದೆ. ಅವರು ಹೋದ ಮೇಲೆ ಬಹಳ ಹೊತ್ತು ಎಡಗಡೆಯ ಗೋಡೆಯನ್ನೇ ನೋಡುತ್ತ ಕೂತೆ. ಬರಿಯ ಕೊಕ್ಕೆಗಳ ಗೋಡೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಆಗಲಿಲ್ಲ.

ಸಂಜೆ ಸೊಸೆ ಕೆಲಸದಿಂದ ಬಂದಳು. ಅವಳು ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಮಗ ರೈಲು ಓಡಿಸುವವನು. ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹೀಗಾಗಿ ಮನೆಯ ಸುಖದುಃಖವೆಲ್ಲ ನನ್ನ ಮತ್ತು ಸೊಸೆಯ ನಡುವೆ.

"ಅಳೋ ಮುಖ ಯಾಕೆ ಮಾವ?"

ಹೇಳಿದೆ. ಅವಳು ಬ್ಯಾಗನ್ನು ಇಳಿಸದೆ ಕೇಳಿಸಿಕೊಂಡಳು.

"ಅಂದ್ರೆ, ಭಾನುವಾರ ಒಬ್ಬೊಬ್ಬರು ಬಿಲ್ಲೆ ತೋರಿಸಿದ ಕೂಡಲೇ ಕೀ ಕೈಗೆ ಕೊಟ್ಟುಬಿಟ್ರೆ?"

"ಕೊಟ್ಟುಬಿಟ್ಟರೆ ಅವರು ಅದನ್ನ ಮತ್ತೆ ನನ್ನ ಕೈಗೇ ಕೊಟ್ಟು ಹೋಗ್ತಾರೆ. ನಿಮ್ಮತ್ತೆ ಇದ್ದಾಗ ಹಾಗೇ ಆಗ್ತಿತ್ತು. ಸಿಗುತ್ತೆ ಅನ್ನೋ ಧೈರ್ಯ ಇದ್ದರೆ ಯಾರೂ ಇಟ್ಟದ್ದನ್ನ ವಾಪಸ್ ಒಯ್ಯಲ್ಲ."

"ಸರಿ ಬಿಡಿ. ಗೋಡೆ ನಮ್ಮದೇ" ಎಂದು ಅವಳು ಲ್ಯಾಪ್‌ಟಾಪ್ ತೆಗೆದು ನನ್ನ ಕೊರೆಯುವ ಯಂತ್ರದ ಪಕ್ಕದಲ್ಲೇ ಇಟ್ಟಳು. ಕಬ್ಬಿಣದ ಪುಡಿ ಇದೆ ಎಂದರೆ ಕೇಳಲಿಲ್ಲ, ಊದಿ ಹಾರಿಸಿದಳು.

ಅವಳ ಪರದೆ ಉಳಿದವರದ್ದರ ಹಾಗಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಹಲಗೆಯಂಥ ಪರದೆ. ಅವಳು ಒಂದು ಸಾಲು ಬರೆಯುತ್ತಾಳೆ, ಅದು ಹೇಳಿದಂತೆ ಕೇಳುತ್ತದೆ ಅಥವಾ ಕೆಂಪು ಅಕ್ಷರದಲ್ಲಿ ಬೈಯುತ್ತದೆ.

"ಮಾವ, ಇದರಲ್ಲಿ ಸಾಮಾನು ತುಂಬಿಡೋಕೆ ಎರಡು ಥರ ಡಬ್ಬಿ ಇವೆ ಅಂದುಕೊಳ್ಳಿ. ಒಂದು, ಏನು ಹಾಕಿದ್ರೂ ನುಂಗುತ್ತೆ. ಕೀ ಹಾಕಿ, ಗುಂಡುಸೂಜಿ ಹಾಕಿ, ಬಿಸ್ಕತ್ತು ತಿಂದು ಕಾಗದ ಹಾಕಿ, ಅದಕ್ಕೆ ಎಲ್ಲ ಒಂದೇ."

"ನಿನ್ನ ಗಂಡನ ಪ್ಯಾಂಟಿನ ಜೇಬು."

"ಹ್ಞಾಂ, ಅದೇ! ಇನ್ನೊಂದು ಡಬ್ಬಿ ಶಿಸ್ತಿನದು. ಮಾಡುವಾಗಲೇ ಅದಕ್ಕೆ ಹೇಳ್ಬೇಕು, ನಿನ್ನೊಳಗೆ ಇಂಥ ಬಗೆಯದು ಮಾತ್ರ ಅಂತ. ಅಂಕಿ ಅಂದ್ರೆ ಅಂಕಿ, ಅಕ್ಷರ ಅಂದ್ರೆ ಅಕ್ಷರ. ಇಲ್ನೋಡಿ, ಈ ಚೌಕ ಕಂಸದೊಳಗೆ ಬಗೆಯ ಹೆಸರು ಬರೀತೀನಲ್ಲ, ಅದೇ ಅದಕ್ಕೆ ಅಪ್ಪಣೆ. ಬೇರೆ ಬಗೆಯದು ಬಂದ್ರೆ ಬಾಗಿಲಲ್ಲೇ ತಡೆಯುತ್ತೆ."

ನಾನು ನನ್ನ ಡ್ರಾಯರುಗಳ ಕಡೆ ನೋಡಿದೆ. ಒಂದರಲ್ಲಿ ಚಪ್ಪಟೆ ಕೈ, ಒಂದರಲ್ಲಿ ಕೊಳವೆಯ ಕೈ, ಒಂದರಲ್ಲಿ ಪೆಟ್ಟಿಗೆ ಬೀಗದ ಗಿಡ್ಡ ಕೈ. ಒಂದರದ್ದು ಇನ್ನೊಂದಕ್ಕೆ ಬಿದ್ದರೆ ಅವತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಈ ಎರಡನೆಯ ಡಬ್ಬಿ ನನಗೆ ಮೊದಲ ನೋಟಕ್ಕೇ ಹಿಡಿಸಿತು.

ಅವಳು ಒಂದು ಜೋಡಿ ಡಬ್ಬಿ ಮಾಡಿದಳು. ಡಿಕ್ಷನರಿ ಎಂದು ಅದರ ಹೆಸರಂತೆ. ಎಡಕ್ಕೆ ಬಿಲ್ಲೆಯ ಮೇಲಿನದು, ಬಲಕ್ಕೆ ಕೊಕ್ಕೆ ಇರುವ ಜಾಗ. ಎಡಗಡೆಯದರ ಬಗೆ ಅಂಕಿ; ಬಲಗಡೆಯದರ ಬಗೆ ಅಕ್ಷರ. ಆ ಎಡಗಡೆಯದಕ್ಕೂ ಅವರ ಭಾಷೆಯಲ್ಲಿ ಕೀ ಎಂದೇ ಹೇಳುತ್ತಾರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ನಮ್ಮ ಕಸುಬಿನವರು ಯಾರೋ ಅಲ್ಲಿಯೂ ಇದ್ದಿರಬೇಕು.

ಪರೀಕ್ಷೆಗೆಂದು ಅವಳು ಅಂಕಿಯ ಜಾಗದಲ್ಲಿ "ಮಾವ" ಎಂದು ಬರೆದಳು. ಪರದೆ ಕೆಂಪಾಯಿತು.

"ನೋಡಿದ್ರಾ? ನಿಮ್ಮನ್ನ ಒಳಗೆ ಬಿಡಲ್ಲ ಅಂತು."

"ಇನ್ನೊಂದು ಸಲ ಹಾಕು ನೋಡೋಣ."

ಮತ್ತೆ ಕೆಂಪಾಯಿತು. ಇಬ್ಬರೂ ನಕ್ಕೆವು. ಆ ಅಂಗಡಿಯಲ್ಲಿ ನಾನು ನಕ್ಕು ಬಹಳ ದಿನವಾಗಿತ್ತು.

ನಾನು ಮೇಲಿನ ಸಾಲಿನಿಂದ ಓದುತ್ತ ಹೋದೆ, ಅವಳು ತುಂಬುತ್ತ ಹೋದಳು. ಕೆಲವು ತಗಡುಗಳಲ್ಲಿ ಅಂಕಿಯ ಮುಂದೆ, ಎಡಗಡೆಗೆ, ಸೊನ್ನೆ ಇತ್ತು. 14 ಒಂದು ಕಡೆ ಇದ್ದರೆ 014 ಇನ್ನೊಂದು ಕಡೆ.

"ಸೊನ್ನೆಯನ್ನೂ ಓದಬೇಕಾ?"

"ಇದ್ದದ್ದನ್ನ ಇದ್ದ ಹಾಗೆ ಓದಿ ಮಾವ."

ಓದಿದೆ. ಅವಳೂ ಇದ್ದ ಹಾಗೆಯೇ ಬರೆದಳು. ಆದರೆ 014 ಬಂದಾಗ ಡಬ್ಬಿ ಆಕ್ಷೇಪ ಎತ್ತಿತು.

"ಈ ಕೀ ಆಗಲೇ ಇದೆ ಅಂತಿದೆಯಲ್ಲ" ಎಂದು ಸೊಸೆ ಹುಬ್ಬು ಗಂಟಿಕ್ಕಿದಳು. "ಹದಿನಾಲ್ಕು ಮೊದಲೇ ಓದಿದ್ರಾ?"

"ಓದಿದ್ದೆ. ಒಂದೇ ಮನೆಯದು ಎರಡು ಇರಬೇಕು. ಪ್ರತಿ ಕಣಮ್ಮ, ನಕಲು. ಜನ ಒಂದು ಕೊರೆಸಿ ಇಟ್ಟಿರ್ತಾರೆ, ಮರೆತು ಇನ್ನೊಂದು ಕೊರೆಸಿ ಇಡ್ತಾರೆ. ನನ್ನ ಹೊಟ್ಟೆ ತುಂಬೋದೇ ಅವರ ಮರೆವಿನಿಂದ."

"ಹಾಗಾದ್ರೆ ಯಾವುದಾದ್ರೂ ಒಂದು ಸಿಕ್ಕರೆ ಸಾಕು ಅಲ್ವಾ?"

"ಸಾಕು. ಹೊಸದು ಬಂದರೆ ಹಳೆಯದರ ಜಾಗಕ್ಕೆ ಹೋಗಲಿ."

ಅವಳು ಸಾಲನ್ನು ಸ್ವಲ್ಪ ತಿದ್ದಿದಳು. ಡಬ್ಬಿ ಮತ್ತೆ ತಕರಾರು ಮಾಡಲಿಲ್ಲ. ಹಳೆಯದನ್ನು ತಳ್ಳಿ ಹೊಸದನ್ನು ಕೂರಿಸಿಕೊಳ್ಳುತ್ತ ಹೋಯಿತು. ಅದು ಹೇಳಬೇಕಾದ್ದನ್ನು ಹೇಳಿತ್ತು. ಅದರ ಬಾಯಿ ಮುಚ್ಚಿಸಿದವರು ನಾವು, ಇಬ್ಬರೂ ಸೇರಿ. ಜೀವನವಿಡೀ ನಕಲು ಕೊರೆದವನಿಗೆ ಎಲ್ಲವೂ ನಕಲಿನಂತೆಯೇ ಕಾಣುತ್ತದೆ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಎದುರುಗಡೆಯ ಕ್ಷೌರದಂಗಡಿಯವನು ಬಂದ. ಬೀದಿಯವರೆಲ್ಲ ಅವನನ್ನು ಕತ್ತರಿ ಎಂದು ಕರೆಯುತ್ತಾರೆ. ಅವನ ಕತ್ತರಿಗಿಂತ ಬಾಯಿ ಹೆಚ್ಚು ಓಡುತ್ತದೆ.

"ಯಜಮಾನ್ರೇ, ನಾಳೆ ರಶ್ಶು. ನಮ್ಮ ಮನೇದು ಇವತ್ತೇ ಕೊಟ್ಟುಬಿಡಿ. ಹೆಂಡತಿ ಊರಿಗೆ ಹೋಗಿದ್ದಾಳೆ, ಅತ್ತೆ ವಾಕಿಂಗು ಹೋಗಿದ್ದಾರೆ, ನಾನು ಬಾಗಿಲು ಎಳ್ಕೊಂಡು ಬಂದು ಹೊರಗೆ ನಿಂತಿದ್ದೀನಿ." ಬಿಲ್ಲೆಯನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟ. 14.

ಸೊಸೆ ಆಸ್ಪತ್ರೆಗೆ ಹೊರಡುವುದರಲ್ಲಿದ್ದಳು. ನಿಂತುಕೊಂಡೇ ಒಂದು ಸಾಲು ಬರೆದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಏಳನೆಯ ಸಾಲು, ಕೊನೆಯ ಕೊಕ್ಕೆ.

ನಾನು ನೇರವಾಗಿ ಹೋಗಿ, ಬಗ್ಗಿ, ತೆಗೆದುಕೊಟ್ಟೆ. ಕನ್ನಡಕ ಹುಡುಕಲಿಲ್ಲ, ಕುಕ್ಕರಗಾಲಲ್ಲಿ ಕೂರಲಿಲ್ಲ. ಬೀಗದಕೈ ಸ್ವಲ್ಪ ಚಿಕ್ಕದಾಗಿದೆ ಎಂದು ಬೆರಳಿಗೆ ತಿಳಿಯಿತು. ಅದರ ತಗಡಿನಲ್ಲಿ 0014 ಎಂದಿತ್ತು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತವನು ನಾನು. ಪರದೆಯೂ ಹದಿನಾಲ್ಕು ಎಂದಿತಲ್ಲ, ಮತ್ತೇನು?

ಕತ್ತರಿ ಕಣ್ಣು ಬಾಯಿ ಬಿಟ್ಟ. "ಅರೆರೆ! ಅಮ್ಮ ಇದ್ದಾಗಲೂ ಇಷ್ಟು ಬೇಗ ಸಿಗ್ತಿರಲಿಲ್ಲ."

ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಆದರೂ ಗೆದ್ದೆನೆಂಬ ಹಿಗ್ಗಿನಲ್ಲಿ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಸೊಸೆಯೂ ಹಾಡು ಗುನುಗುತ್ತ ಕೆಲಸಕ್ಕೆ ಹೋದಳು. ಶನಿವಾರ ಅವಳಿಗೆ ಅರ್ಧ ದಿನ.

ಮಧ್ಯಾಹ್ನ ಅವಳು ಬಂದು ಊಟಕ್ಕೆ ಕೂಗುವ ಹೊತ್ತಿಗೆ ಬೀದಿಯಲ್ಲಿ ಒಂದು ಭಯಂಕರ ಸದ್ದು ಕೇಳಿಸಿತು. ಎರಡು ಬೆಕ್ಕುಗಳನ್ನು ಒಂದೇ ಚೀಲಕ್ಕೆ ಹಾಕಿ ಕುಲುಕಿದಂತೆ. ಹೊರಗೆ ಬಂದು ನೋಡಿದರೆ ಕತ್ತರಿ. ಬಾಯಿಗೆ ಮೌತ್ ಆರ್ಗನ್ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತಲೆಯಾಡಿಸುತ್ತ, ಹೆಜ್ಜೆಹೆಜ್ಜೆಗೂ ಊದುತ್ತ ನಮ್ಮ ಅಂಗಡಿಯ ಕಡೆಗೇ ಬರುತ್ತಿದ್ದಾನೆ. ಅವನ ಹಿಂದೆ ಅವನ ಅತ್ತೆ, ಸೆರಗು ಸೊಂಟಕ್ಕೆ ಬಿಗಿದುಕೊಂಡು.

"ಯಜಮಾನ್ರೇ!" ಎಂದು ಕತ್ತರಿ ನನ್ನನ್ನು ಅಪ್ಪಿಕೊಂಡ. "ನೀವು ದೇವರು! ನೀವು ಕೊಟ್ಟ ಕೀ ಮುಂಬಾಗಿಲಿಗೆ ಆಗ್ಲಿಲ್ಲ. ಅಷ್ಟರಲ್ಲಿ ಅತ್ತೆ ಬಂದು ಬಾಗಿಲು ತೆಗೆದ್ರು. ನಾನು ಬಿಡೋ ಆಸಾಮಿನಾ? ಕೀ ಅಂದ ಮೇಲೆ ಯಾವುದಕ್ಕಾದರೂ ಆಗ್ಲೇಬೇಕಲ್ಲ ಅಂತ, ಅತ್ತೆ ಸ್ನಾನಕ್ಕೆ ಹೋದಾಗ ಮನೇಲಿರೋ ಬೀಗಕ್ಕೆಲ್ಲ ಹಾಕಿ ನೋಡಿದೆ. ಅತ್ತೆ ಬೀರು ತೆಗೀತು. ಒಳಗೆ ನೋಡ್ತೀನಿ, ನನ್ನ ಮೌತ್ ಆರ್ಗನ್! ಕಳೆದುಹೋಯ್ತು ಅಂತ ನಾನು ಅತ್ತಿದ್ದೆ. ಇವರೂ ನನ್ನ ಜೊತೆ ಕೂತು ಹುಡುಕಿದ್ರು, ಯಜಮಾನ್ರೇ. ಮಂಚದ ಕೆಳಗೆ ಬ್ಯಾಟರಿ ಹಿಡಿದು!"

"ಹುಡುಕದೆ ಏನು ಮಾಡ್ಲಿ?" ಅತ್ತೆ ಸಿಡಿದರು. "ಬೆಳಕು ಹರಿಯೋಕೆ ಮುಂಚೆ ಶುರು ಮಾಡ್ತಿದ್ದ. ಹಾಲಿನವನು ನಮ್ಮ ಮನೆ ಮುಂದೆ ಬರೋದನ್ನೇ ಬಿಟ್ಟಿದ್ದ."

"ಕಲೆ ಅತ್ತೆ, ಅದು ಕಲೆ."

"ಕೊಲೆ ಅದು!"

ಸೊಸೆ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನೂ ನಗು ತಡೆದುಕೊಂಡಿದ್ದೆ. ಆದರೆ ಆ ಹೆಂಗಸು ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಭಾವ, ಅದು ನಾನು ಅಕ್ಕನ ಕೈಗೆ ಕೊಟ್ಟಿದ್ದು. ಎರಡು ಸೊನ್ನೆ ಇರಲಿಲ್ವಾ ಅದರ ಮೇಲೆ? ಮುಂಬಾಗಿಲಿಗೆ ಸೊನ್ನೆ ಇಲ್ಲ, ಹಿತ್ತಿಲ ಬಾಗಿಲಿಗೆ ಒಂದು, ಎರಡು ಇದ್ದರೆ ಅದು ನಾವು ಹೆಂಗಸರು ಒಬ್ಬೊಬ್ಬರೇ ಬಂದು ಇಟ್ಟದ್ದು, ಬಿಲ್ಲೆ ತಂದರೂ ಬೇರೆಯವರಿಗೆ ಕೊಡಲ್ಲ ಅಂತ ಅಕ್ಕ ಮಾತು ಕೊಟ್ಟಿದ್ರು. ಈ ಬೀದೀಲಿ ಎಷ್ಟು ಜನ ಇಟ್ಟಿದ್ದೀವಿ ಗೊತ್ತಾ? ನೀವು ಎಲ್ಲರದ್ದೂ ಹೀಗೇ ಹಂಚಿಬಿಟ್ಟರೆ? ನಾಳೆ ಮೊದಲು ನಾನೇ ಬರ್ತೀನಿ. ನಮ್ಮವು ಮೂರನ್ನೂ ಕೊಟ್ಟುಬಿಡಿ. ಉಳಿದವರಿಗೂ ಹೇಳ್ತೀನಿ."

"ಇದು ನಾಳೆವರೆಗೆ ಇಲ್ಲೇ ಇರಲಿ, ಇವನ ಕೈಗೆ ಬೇಡ" ಎಂದು ಆ ಬೀಗದಕೈಯನ್ನು ಮೇಜಿನ ಮೇಲಿಟ್ಟು ಅವರು ಹೋದರು. ಕತ್ತರಿಯೂ ಊದುತ್ತ ಹಿಂದೆ ಹೋದ. ನಾನು ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಊಟ ಮಾಡಿದವಳು ಎಡಗಡೆಯ ಆ ಸೊನ್ನೆಗಳಲ್ಲಿ ಇಡೀ ಬೀದಿಯ ಗುಟ್ಟನ್ನು ತೂಗುಹಾಕಿದ್ದಳು. ನಾನು ಅದನ್ನು ಅವಳ ಕೈಬರಹದ ಚಾಳಿ ಎಂದುಕೊಂಡಿದ್ದೆ.

ಸೊಸೆಯ ನಗು ನಿಂತಿತ್ತು. ಅವಳು ಪರದೆ ತೆರೆದು ಡಬ್ಬಿಯಲ್ಲಿದ್ದುದನ್ನೆಲ್ಲ ಒಂದರ ಕೆಳಗೊಂದು ಇಳಿಸಿದಳು. ಒಂದೇ ಒಂದು ಸೊನ್ನೆಯೂ ಎಡಗಡೆಯಲ್ಲಿರಲಿಲ್ಲ.

"ನಾನು ಬರೆದಿದ್ದೆ ಮಾವ, ನೀವು ಓದಿದ್ದನ್ನೆಲ್ಲ ಬರೆದಿದ್ದೆ" ಎಂದಳು. ಆಮೇಲೆ ತಲೆಗೆ ಕೈ ಹೊಡೆದುಕೊಂಡಳು. "ಅಯ್ಯೋ, ನನ್ನ ಬುದ್ಧಿಗಿಷ್ಟು! ಎಡಗಡೆಯದರ ಬಗೆ ಅಂಕಿ ಅಂತ ಹೇಳಿಬಿಟ್ಟಿದ್ದೀನಿ. ಈ ಡಬ್ಬಿ ಬೇರೆ ಬಗೆಯದನ್ನ ತಡೆಯೋಕೆ ಮುಂಚೆ, ತನ್ನ ಬಗೆಗೆ ತಿರುಗಿಸೋಕೆ ಆಗುತ್ತಾ ಅಂತ ಒಂದ್ಸಲ ನೋಡುತ್ತೆ. 'ಮಾವ' ಅನ್ನೋದನ್ನ ಅಂಕಿ ಮಾಡೋಕಾಗಲ್ಲ, ಕೆಂಪಾಯ್ತು. 0014ನ ಮಾಡಬಹುದು. ಸೊನ್ನೆ ಎರಡನ್ನೂ ಉದುರಿಸಿ ಹದಿನಾಲ್ಕು ಮಾಡಿ ಒಳಗೆ ಬಿಟ್ಟಿದೆ. ಸದ್ದೇ ಇಲ್ಲ."

"ಬೀಗಕ್ಕೆ ತೂರದ ಕೈಯನ್ನ ಅರದಲ್ಲಿ ಉಜ್ಜಿ ತೂರಿಸಿದ ಹಾಗೆ."

"ಹೂಂ. ಅದು ಅಂಕಿ ಅಲ್ಲ ಮಾವ. ಅತ್ತೆ ಅದನ್ನ ಯಾವತ್ತಾದ್ರೂ ಕೂಡಿದ್ರಾ, ಕಳೆದ್ರಾ? ಅದು ಹೆಸರು. ಹೆಸರಿನಲ್ಲಿ ಒಂದಕ್ಷರ ಬಿಟ್ಟರೆ ಬೇರೆಯವರಾಗ್ತಾರೆ."

ಊಟ ಆರಿಹೋಯಿತು. ಅವಳು ಚೌಕ ಕಂಸದೊಳಗಿನ ಎಡಗಡೆಯ ಬಗೆಯನ್ನು ಅಳಿಸಿ ಅಕ್ಷರ ಎಂದು ಬರೆದಳು. ಬಾಯಿ ಮುಚ್ಚಿಸಿದ್ದ ಸಾಲನ್ನೂ ಮೊದಲಿನಂತೆ ಮಾಡಿದಳು, ಒಂದೇ ಹೆಸರು ಎರಡು ಸಲ ಬಂದರೆ ತಕರಾರು ಮಾಡಲಿ ಎಂದು. ನಾನು ಮತ್ತೆ ಮೊದಲ ಕೊಕ್ಕೆಯಿಂದ ಶುರುಮಾಡಿದೆ. ಈ ಸಲ ಸೊನ್ನೆಗಳನ್ನು ದೇವರ ನಾಮ ಹೇಳುವಷ್ಟು ಗಮನವಿಟ್ಟು ಓದಿದೆ. ಹದಿನಾಲ್ಕು ಬಂತು. ಸೊನ್ನೆ ಹದಿನಾಲ್ಕು ಬಂತು. ಸೊಸೆ ಗುಂಡಿ ಒತ್ತಿ ಕಾದಳು.

"ಏನಂತು?"

"ಏನೂ ಅನ್ನಲಿಲ್ಲ."

"ಅಂದ್ರೆ?"

"ಏನೂ ಅನ್ನಲಿಲ್ಲ ಅಂದ್ರೆ ಒಪ್ಪಿಕೊಂಡಿದೆ ಅಂತ. ತಪ್ಪಿದ್ರೆ ಮಾತ್ರ ಮಾತಾಡುತ್ತೆ."

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆ ಸ್ವಭಾವದವರೊಬ್ಬರು ನಮ್ಮ ಮನೆಯಲ್ಲಿದ್ದರು ಎಂದು ಇಬ್ಬರಿಗೂ ಗೊತ್ತಿತ್ತು. ಕಣ್ಣು ಒದ್ದೆಯಾಯಿತು, ಆದರೆ ಮುಖದ ಮೇಲೆ ನಗುವೂ ಇತ್ತು. ಎರಡೂ ಒಟ್ಟಿಗೆ ಬರಬಹುದೆಂದು ನನಗೆ ತಿಳಿದಿರಲಿಲ್ಲ.

ಕೊನೆಯ ಕೊಕ್ಕೆಯವರೆಗೂ ಡಬ್ಬಿ ಮೌನವಾಗಿಯೇ ಇತ್ತು. ಅಷ್ಟೂ ಬೀಗದಕೈಗಳಲ್ಲಿ ಒಂದೇ ಒಂದು ನಕಲು ಇರಲಿಲ್ಲ.

ಎಲ್ಲ ಸೇರಿದ ಮೇಲೆ ಸೊಸೆ ಇನ್ನೊಂದು ಡಬ್ಬಿ ಮಾಡಿದಳು. ಎರಡು ಸೊನ್ನೆಯವುಗಳನ್ನೆಲ್ಲ ಆರಿಸಿ ಅದಕ್ಕೆ ಹಾಕಿದಳು. ನಾನು ಇಣುಕಿದೆ. ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇದಕ್ಕೆ ಗುಪ್ತಪದ ಹಾಕ್ತೀನಿ. ನಿಮಗೆ ತೋರಿಸಲ್ಲ."

"ಅಲ್ಲಮ್ಮ, ಓದಿದವನು ನಾನೇ! ಅಂಗಡಿ ನನ್ನದು!"

"ಓದಿದ್ದು ಮರೆತುಬಿಡಿ, ನಿಮಗೇನು ಅದು ಕಷ್ಟವಲ್ಲ. ಅಂಗಡಿ ನಿಮ್ಮದು, ಗೋಡೆ ಅತ್ತೆಯದು."

ಮರುದಿನ ಪ್ರಾರ್ಥನೆ ಮುಗಿಸಿ ಬಾಗಿಲು ತೆಗೆದರೆ ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಎಲ್ಲರ ಮುಂದೆ ಕತ್ತರಿಯ ಅತ್ತೆ, ಅವರ ಹಿಂದೆ ಟೀಚರಮ್ಮ. ಕತ್ತರಿಯ ಕಿಸೆಯಿಂದ ಮೌತ್ ಆರ್ಗನ್ ಇಣುಕುತ್ತಿತ್ತು. ಹೆಂಗಸರ ಮುಖ ಬಿಗಿದಿತ್ತು. ಸುದ್ದಿ ಮನೆಮನೆಗೂ ಹೋಗಿತ್ತು.

ಕತ್ತರಿಯ ಅತ್ತೆ ಬಿಲ್ಲೆ ಇಟ್ಟರು. ಸೊಸೆ ಒಂದು ಸಾಲು ಬರೆದು, ನನಗೆ ಎರಡು ಜಾಗ ಹೇಳಿದಳು. ನಾನು ಎರಡು ಬೀಗದಕೈ ತಂದು ಇಟ್ಟೆ. 14, 014.

"ಮುಂಬಾಗಿಲು, ಹಿತ್ತಿಲ ಬಾಗಿಲು" ಎಂದೆ.

"ಇನ್ನೊಂದು?" ಅವರು ಹುಬ್ಬೇರಿಸಿದರು. ಎಲ್ಲ ಹೆಂಗಸರೂ ಕಿವಿ ನೆಟ್ಟಗೆ ಮಾಡಿದರು.

"ಇನ್ನೊಂದು ಯಾವುದು? ನನಗೆ ಗೊತ್ತಿಲ್ಲ. ಅದನ್ನ ನೀವು ನನ್ನ ಸೊಸೇನ ಕೇಳ್ಬೇಕು. ಅದೂ ನೀವೊಬ್ಬರೇ ಬಂದಾಗ. ಬಿಲ್ಲೆ ತಂದು ಯಾರು ಕೇಳಿದರೂ ನನ್ನ ಪರದೆಗೆ ಎರಡೇ ಕಾಣೋದು."

ಹೆಂಗಸರ ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಮನೆಯಲ್ಲಿಯೂ ಇನ್ನೊಂದು ಇರಬಹುದೆಂದು ಅವರಿಗೆ ಹೊಳೆದದ್ದು ಆಗ. ಬೇಕರಿಯವನು ಹೆಂಡತಿಯ ಕಡೆ ತಿರುಗಿ "ಏನೇ, ನಿಂದೂ ಇದೆಯೇನೇ?" ಎಂದ. ಆಕೆ ಆಕಾಶ ನೋಡಿದಳು.

"ಭಾವ" ಎಂದರು ಕತ್ತರಿಯ ಅತ್ತೆ. ಎರಡೂ ಬೀಗದಕೈಗಳನ್ನು ಅಂಗೈಯಲ್ಲಿ ತೂಗಿ ನೋಡಿದರು. "ಎಲ್ಲಿಂದ ತಂದ್ರೋ ಅಲ್ಲೇ ಹಾಕಿ. ಮನೇಲಿಟ್ಟರೆ ಇವನು ಕಳೆದು ಹಾಕ್ತಾನೆ."

ಅಲ್ಲಿಂದ ಮುಂದೆ ಎಲ್ಲವೂ ಓಡಿತು. ಟೀಚರಮ್ಮನವರದ್ದು ಮೂರನೆಯ ಸಾಲು, ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ನಮ್ಮದೇ. ಸರಿ, ತಗೊಳ್ಳಿ" ಎಂದು ನನ್ನ ಕೈಗೇ ಇಟ್ಟರು. ಬೇಕರಿಯವನು ಓಡಿಹೋಗಿ ಬಾಗಿಲಿಗೆ ಹಾಕಿ ನೋಡಿ, ಓಡಿಬಂದು ತೂಗುಹಾಕಿಸಿದ. ಕೆಲವರು ಕೈಗೂ ಮುಟ್ಟಲಿಲ್ಲ, ಕೊಕ್ಕೆಯಿಂದ ತೆಗೆದದ್ದನ್ನು ಕಂಡೇ ಸಮಾಧಾನಪಟ್ಟರು. ತೆಗೆಯುವುದು, ತೋರಿಸುವುದು, ಮತ್ತೆ ಹಾಕುವುದು. ಗೋಡೆ ಒಂದೇ ಸಮನೆ ಕಿಣಿಕಿಣಿ ಎನ್ನುತ್ತಿತ್ತು. ಯಾರೋ ಕಾಫಿ ತಂದರು, ಯಾರೋ ಕುರ್ಚಿ ತಂದರು, ಬೇಕರಿಯ ಬನ್ನು ಬಂತು. ಕತ್ತರಿ ಊದಲು ಹೋದ, ಎಲ್ಲರೂ ಒಟ್ಟಿಗೆ "ಬೇಡ!" ಎಂದರು.

ಜನ ಕರಗಿದ ಮೇಲೆ ನಾನು ನಮ್ಮ ಮನೆಯದೇ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ. ನಮ್ಮದು 1.

"ಏನು ಮಾವ?"

"ನಮ್ಮ ಮನೆಯದೂ ಎರಡು ಸೊನ್ನೆಯದು ಇದೆಯಾ?"

ಸೊಸೆ ಪರದೆಯನ್ನು ನೋಡಿದಳು. ಅವಳ ತುಟಿಯ ತುದಿ ಸ್ವಲ್ಪ ಮೇಲಕ್ಕೆ ಹೋಯಿತು.

"ನಾನೇನೂ ಹೇಳಲ್ಲ."

ಹೇಳಲಿಲ್ಲವೆಂದರೆ ಇದೆ ಎಂದೇ. ಯಾವ ಪೆಟ್ಟಿಗೆಯದೋ, ಯಾವ ಗೂಡಿನದೋ. ವೈದ್ಯರು ಬೇಡವೆಂದ ಮೇಲೆ ಮಾಯವಾದ ನನ್ನ ನಶ್ಯದ ಡಬ್ಬಿ ಅದರಲ್ಲಿದ್ದರೂ ಇದ್ದೀತು. ನನ್ನಾಕೆಯೂ ನನ್ನ ಜೊತೆ ಮಂಚದ ಕೆಳಗೆ ಹುಡುಕಿದ್ದಳಲ್ಲ! ಹುಡುಕಿಸಬೇಕೆಂದು ಒಂದು ಗಳಿಗೆ ಅನ್ನಿಸಿತು. ಬೇಡವೆಂದುಕೊಂಡೆ. ಅವಳದೊಂದು ಬಾಗಿಲು ಈ ಮನೆಯಲ್ಲಿ ಇನ್ನೂ ಮುಚ್ಚಿಕೊಂಡಿದೆ, ಅದರ ಬೀಗದಕೈ ಅವಳ ಗೋಡೆಯಲ್ಲಿದೆ. ಅಷ್ಟು ಸಾಕು.

ಅಂಗಡಿ ಮುಚ್ಚುವ ಮುಂಚೆ ಕತ್ತರಿಯ ಅತ್ತೆ ಮತ್ತೆ ಬಂದರು, ಈ ಸಲ ಒಬ್ಬರೇ. ಸೆರಗಿನ ಗಂಟಿನಿಂದ ಒಂದು ಹೊಚ್ಚಹೊಸ ಬೀಗದಕೈ ಬಿಚ್ಚಿದರು.

"ಬೀರುವಿಗೆ ಬೇರೆ ಬೀಗ ಹಾಕ್ಸಿದೆ. ಭಾವ, ಇದಕ್ಕೊಂದು ನಕಲು ಕೊರೀರಿ. ಕೊರೆದು ಆ ಕಡೆ ತಿರುಗಿ ಕೂತ್ಕೊಳ್ಳಿ."

"ಪಾಪ ಕಣ್ರೀ ಅವನು. ಮೌತ್ ಆರ್ಗನ್ ಪೂರ್ತಿ ಕಿತ್ಕೊಳ್ತೀರಾ?"

"ಇಲ್ಲ ಬಿಡಿ. ಮಾತಾಗಿದೆ. ಭಾನುವಾರ ಸಂಜೆ ಒಂದು ಹೊತ್ತು ಊದಿಕೊಳ್ಳಲಿ. ಆಗ ನಾನೇ ಬಂದು ನಿಮ್ಮ ಸೊಸೆ ಹತ್ರ ಕೀ ಈಸ್ಕೊಂಡು ಹೋಗ್ತೀನಿ. ನನ್ನ ಹತ್ರ ಇರೋದನ್ನ ಅವನ ಕಣ್ಣೆದುರೇ ಹೊಳೆಗೆ ಹಾಕ್ತೀನಿ, ಇಲ್ಲದಿದ್ರೆ ಹಾಳಾದವನು ಗೋಗರೆದು ನನ್ನ ಮನಸ್ಸು ಕರಗಿಸ್ತಾನೆ."

ಗಿಡ್ಡ ಕೈಗಳ ಡ್ರಾಯರು ಎಳೆದು ಒಂದನ್ನು ಆರಿಸಿ, ಯಂತ್ರಕ್ಕೆ ಕಚ್ಚಿಸಿ ಕೊರೆದೆ. ಅರದಿಂದ ಅಂಚು ಉಜ್ಜಿ ಸೊಸೆಯ ಕೈಗೆ ಕೊಟ್ಟೆ. ಮಾತಿನಂತೆ ನನ್ನ ಗೋಡೆಯ ಕಡೆ ತಿರುಗಿ ಕೂತೆ. "ಹಳೆಯದನ್ನ ಗೋಡೆಯಿಂದಲೂ ಡಬ್ಬಿಯಿಂದಲೂ ತೆಗೆದೆ" ಎಂದಳು ಸೊಸೆ. ಬೆನ್ನ ಹಿಂದೆ ತಗಡಿನ ಮೇಲೆ ಮೊಳೆಯಿಂದ ಗೀರುವ ಸದ್ದು ಕೇಳಿಸಿತು. ಸೊನ್ನೆಯ ಸದ್ದು ಬೇರೆ. ಮೊಳೆ ಒಂದು ಸುತ್ತು ಬರುತ್ತದೆ. ಎಷ್ಟು ಸುತ್ತು ಬಂತೆಂದು ಎಣಿಸಬಾರದೆಂದು ನಾನು ದೇವರ ಸ್ಮರಣೆ ಮಾಡುತ್ತ ಕೂತೆ. ಆಮೇಲೆ ಗುಂಡಿ ಒತ್ತಿದ ಸದ್ದು.

"ಏನಂತು?" ಎಂದರು ಕತ್ತರಿಯ ಅತ್ತೆ.

"ಏನೂ ಅನ್ನಲಿಲ್ಲ ಚಿಕ್ಕಮ್ಮ" ಎಂದಳು ಸೊಸೆ. "ಒಪ್ಪಿಕೊಂಡಿದೆ."

ಮಾರನೆಯ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಬೀದಿ ಶಾಂತವಾಗಿತ್ತು. ಹಾಲಿನವನ ಸೈಕಲ್ಲಿನ ಗಂಟೆ ಕತ್ತರಿಯ ಮನೆಯ ಮುಂದೆ ನಿಂತು, ಮುಂದಕ್ಕೆ ಹೋಯಿತು. ಬೀಗದಕೈ ತನ್ನ ಕೆಲಸ ಮಾಡುತ್ತಿದೆಯೆಂದು ತಿಳಿದು ಪ್ರಾರ್ಥನೆಯ ನಡುವೆಯೇ ನನಗೆ ನಗು ಬಂದುಬಿಟ್ಟಿತು. ದೇವರು ಏನೂ ಅನ್ನಲಿಲ್ಲ. ಎದ್ದು ಅಂಗಡಿಗೆ ಬಂದೆ. ಸೊಸೆ ಆಸ್ಪತ್ರೆಗೆ ಹೊರಟವಳು, ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಯಾರೂ ಹೇಳಿಕೊಡದೆಯೇ ಎಡಗಡೆಯ ಗೋಡೆಯ ಮೇಲೆ ಒಮ್ಮೆ ಅಂಗೈ ಸವರಿ ಹೋದಳು.